ಎಡ ಅಂಗೈಯ ಎಣಿಕೆ

2023ರ ಜೂನ್ 12, ಸೋಮವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಶಾಲೆಯ ಬಿಳಿ ಅಂಗಿಯೊಂದಕ್ಕೆ ಕಾಲರ್ ಕೂಡಿಸುತ್ತಿದ್ದೆ. ಬಟ್ಟೆಯ ಮೇಲೆ ಒಂದು ಕೆಂಪು ಚುಕ್ಕೆ ಕಂಡಿತು. ಯಾವುದೋ ದಾರದ ತುಣುಕು ಇರಬೇಕೆಂದು ಬೆರಳಿನಿಂದ ಒರೆಸಿದೆ. ಚುಕ್ಕೆ ಪಟ್ಟೆಯಾಯಿತು. ಯಂತ್ರ ನಿಲ್ಲಿಸಿ ಕೈ ತಿರುಗಿಸಿ ನೋಡಿದರೆ ಎಡಗೈ ತೋರುಬೆರಳಿನ ಉಗುರಿನ ಪಕ್ಕದಲ್ಲಿ ಸೂಜಿ ಹಾದುಹೋಗಿತ್ತು. ನೋವೇ ಆಗಿರಲಿಲ್ಲ.

ಹೊಲಿಗೆಯವರಿಗೆ ಬೆರಳಿಗೆ ಸೂಜಿ ಹೋಗುವುದು ಹೊಸದಲ್ಲ. ಹನ್ನೊಂದು ವರ್ಷದಲ್ಲಿ ನನಗೆ ಅದು ನಾಲ್ಕನೆಯ ಸಲ. ಮೊದಲ ಮೂರು ಸಲವೂ ಕೂಗಿದ್ದು ನೆನಪಿದೆ. ಈ ಸಲ ರಕ್ತ ನೋಡಿದ ಮೇಲೆ ಗೊತ್ತಾಯಿತು. ಹೆಬ್ಬೆರಳು ಮತ್ತು ತೋರುಬೆರಳನ್ನು ಒಂದಕ್ಕೊಂದು ಉಜ್ಜಿದೆ. ದಪ್ಪ ಕೈಗವಸು ಹಾಕಿಕೊಂಡು ಉಜ್ಜಿದ ಹಾಗಿತ್ತು. ಕುತ್ತಿಗೆಯ ಎಡಭಾಗದಿಂದ ಭುಜದ ಮೇಲೆ ಹಾದು ಮೊಣಕೈವರೆಗೆ ಬರುವ ನೋವು ಎರಡು ತಿಂಗಳಿನಿಂದ ಇತ್ತು. ಅದನ್ನು ನಾನು ಸಮವಸ್ತ್ರದ ಸೀಜನ್ನಿಗೆ ಹಚ್ಚಿದ್ದೆ. ಆ ಜೂನ್‌ನಲ್ಲಿ ಅರವತ್ತನಾಲ್ಕು ಜೊತೆ ಒಪ್ಪಿಕೊಂಡಿದ್ದೆ, ಮೂವತ್ತೆಂಟು ಮುಗಿದಿದ್ದವು. ಅಂದು ಅಳತೆಯ ವಹಿಯಲ್ಲಿ, ಎದೆ ಸೊಂಟ ತೋಳುಗಳ ಲೆಕ್ಕದ ಕೆಳಗೆ, ಮೊದಲ ಬಾರಿಗೆ ನನ್ನ ಕೈಯ ಬಗ್ಗೆ ಒಂದು ಸಾಲು ಬರೆದೆ: ‘ಸೂಜಿ ಹೋಯ್ತು, ಗೊತ್ತಾಗಲಿಲ್ಲ.’

ನನ್ನ ತವರು ಭಾಲ್ಕಿ ಕಡೆಯ ಹಳ್ಳಿ, ಕಲಿತದ್ದು ಕನ್ನಡ ಶಾಲೆಯಲ್ಲಿ. ಮದುವೆಯಾಗಿ ಗಡಿಯಾಚೆ, ಮಹಾರಾಷ್ಟ್ರದ ಕಾಸಾರಶಿರಸಿಗೆ ಬಂದೆ. ನಮ್ಮ ಮನೆಯವರು ಹೊಲ ನೋಡಿಕೊಳ್ಳುತ್ತಾರೆ, ನಾನು ಮುಂದಿನ ಕೋಣೆಯಲ್ಲಿ ಹೆಂಗಸರ, ಮಕ್ಕಳ ಬಟ್ಟೆ ಹೊಲಿಯುತ್ತೇನೆ, ಹೆಚ್ಚಾಗಿ ಪೋಲ್ಕಾ, ಅಂದರೆ ರವಿಕೆ. ಗಿರಾಕಿಗಳ ಮಾತು ಮರಾಠಿ, ವಹಿ ಮಾತ್ರ ಕನ್ನಡ. ಯಾರ ಸೊಂಟ ಎಷ್ಟು ಹೆಚ್ಚಿತು ಎಂಬುದು ಊರಿಗೆ ಗೊತ್ತಾಗದಿರಲು ಅದೂ ಒಂದು ಅನುಕೂಲ. ತಾರೀಖು ಹಾಕದೆ ನಾನು ಏನನ್ನೂ ಬರೆಯುವುದಿಲ್ಲ. ಈ ಅಭ್ಯಾಸಕ್ಕೆ ಅತ್ತೆ ನಗುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದರೆ, “ಬರಕೋ, ಇವತ್ತ ಯಾವ ತಾರೀಖ?” ಎನ್ನುತ್ತಾರೆ.

ಜೂನ್ 17ರಂದು ನಿಲಂಗಾದ ಎಲುಬಿನ ವೈದ್ಯರಲ್ಲಿಗೆ ಹೋದೆವು. ಎಕ್ಸ್‌ರೇ, ಗುಳಿಗೆ, ಕುತ್ತಿಗೆಗೆ ಬೆಲ್ಟು. ನಾಲ್ಕು ವಾರ ಹೊಲಿಯಬೇಡಿ ಎಂದರು. ಉಳಿದ ಇಪ್ಪತ್ತಾರು ಜೊತೆ ಬಟ್ಟೆಗಳನ್ನು ಮಡಚಿ ಇನ್ನೊಬ್ಬಳಿಗೆ ಕೊಟ್ಟ ದಿನ ನನಗೆ ಅಳು ಬಂತು. ನೋವು ಸ್ವಲ್ಪ ಇಳಿಯಿತು. ಬೆರಳು ಹಾಗೇ ಉಳಿದವು. ಅವರೇ ಚೀಟಿ ಬರೆದು ಉದಗೀರಿಗೆ ಕಳಿಸಿದರು. ಅಲ್ಲಿ ಎಂ.ಆರ್.ಐ. ಮಾಡಿಸಿ, ಶನಿವಾರ ಮಾತ್ರ ಬಂದು ಕೂಡುವ ಬೆನ್ನುಹುರಿಯ ಶಸ್ತ್ರವೈದ್ಯರಿಗೆ ತೋರಿಸಬೇಕೆಂದರು.

ಜುಲೈ 15, ಶನಿವಾರ. ನಸುಕಿನ ಬಸ್ಸಿಗೆ ಅತ್ತೆಯೂ ಹೊರಟರು. ಬಿತ್ತನೆಯ ದಿನಗಳಾದ್ದರಿಂದ ನಮ್ಮ ಮನೆಯವರು ಬರಲಿಲ್ಲ.

ಎಂ.ಆರ್.ಐ. ಕೋಣೆಯ ಬಾಗಿಲಲ್ಲಿ ಬಳೆ, ತಾಳಿ, ಕಾಲುಂಗುರ, ಪಿನ್ನು ಎಲ್ಲವನ್ನೂ ತೆಗೆದು ಅತ್ತೆಯ ಸೆರಗಿನಲ್ಲಿ ಹಾಕಿದೆ. ಯಂತ್ರ ನಡೆಸುವವರು ನನ್ನ ಕೊರಳು ನೋಡಿ, “ಗಳ್ಯಾತ ಕಾಯ್ ಆಹೇ, ಬಾಯೀ? ತೇ ಪಣ ಕಾಢಾ,” ಎಂದರು. ಕೊರಳಲ್ಲೇನಿದೆ, ಅದನ್ನೂ ತೆಗೆಯಿರಿ ಎಂದು. ಅದು ಬೆಳ್ಳಿಯ ಕರಡಿಗೆ, ಅದರೊಳಗೆ ನನ್ನ ಇಷ್ಟಲಿಂಗ. ಹುಟ್ಟಿದಾಗ ಕಟ್ಟಿದ್ದು. ನಮ್ಮಲ್ಲಿ ಅದು ಮೈಬಿಟ್ಟು ಇರಬಾರದು, ಇನ್ನೊಬ್ಬರ ಕೈಗೂ ಹೋಗಬಾರದು.

ಅತ್ತೆ ನಡುವೆ ಬಂದರು. “ಅದು ದಾಗಿನಾ ಅಲ್ಲೋ ಯಪ್ಪಾ, ಲಿಂಗ. ಅದನ ತೆಗಿಯಂಗಿಲ್ಲ.”

ಯಂತ್ರದವರಿಗೆ ಕನ್ನಡ ಬಾರದು, ಆದರೆ ಲಿಂಗ ಎಂಬ ಮಾತು ತಿಳಿಯಿತು. ಬೆಳ್ಳಿ ಒಳಗೆ ಒಯ್ಯುವಂತಿಲ್ಲ ಎಂದು ಕೈ ಮುಗಿದೇ ಹೇಳಿದರು. ಆಮೇಲೆ ಅತ್ತೆಯೇ ನನ್ನ ಕಡೆ ತಿರುಗಿ, “ಕರಡಗಿ ಬೆಳ್ಳಿದು. ಲಿಂಗ ಏನ ಬೆಳ್ಳಿದೇನು? ಕರಡಗಿ ನನ್ನ ಕಡಿ ಕೊಡು. ಲಿಂಗ ಅರಬ್ಯಾಗ ಸುತ್ತಿ ಮುಟಗ್ಯಾಗ ಹಿಡಕೋ. ಮೈಮ್ಯಾಲ ಇದ್ದರ ಆಯ್ತು, ಕೊಳ್ಳಾಗೇ ಇರಬೇಕಂತ ಯಾರಂದಾರ?” ಎಂದರು. ಯಂತ್ರದವರು ಒಳಗಿದ್ದ ಹಿರಿಯ ವೈದ್ಯರನ್ನು ಕರೆತಂದರು. ಅವರು ಲಿಂಗವನ್ನು ಮುಟ್ಟದೆಯೇ ನನ್ನ ಅಂಗೈಯಲ್ಲಿ ನೋಡಿದರು, ಒಳಗೆ ಲೋಹವೇನಾದರೂ ಇದೆಯೇ ಎಂದು ಎರಡು ಸಲ ಕೇಳಿದರು, ಚಿಕ್ಕ ಅಯಸ್ಕಾಂತವೊಂದನ್ನು ಸಮೀಪ ಹಿಡಿದು ಪರೀಕ್ಷಿಸಿದರು. ಆಗಲಿ ಎಂದರು.

ಪೂಜೆಯ ರೂಢಿಯಿಂದಲೋ ಏನೋ, ಲಿಂಗವನ್ನು ಎಡ ಮುಷ್ಟಿಯಲ್ಲೇ ಹಿಡಿದು ಮಲಗಿದೆ. ಯಂತ್ರ ಬಡಿಯತೊಡಗಿತು. ಸ್ವಲ್ಪ ಹೊತ್ತಿನಲ್ಲೇ ಮುಷ್ಟಿಯಲ್ಲಿ ಏನಾದರೂ ಇದೆಯೋ ಇಲ್ಲವೋ ತಿಳಿಯದಾಯಿತು. ಅಲುಗಾಡುವಂತಿಲ್ಲ, ತಲೆ ಎತ್ತಿ ನೋಡುವಂತಿಲ್ಲ. ಹೆಬ್ಬೆರಳನ್ನು ಒತ್ತಿದರೆ ಒತ್ತಿದ್ದೇ ಗೊತ್ತಾಗುತ್ತಿಲ್ಲ. ಹೊರಗೆ ಬಂದ ಕೂಡಲೇ ಕೈ ನೋಡಿಕೊಂಡೆ. ಇತ್ತು. ಆದರೆ ಒಳಗಿದ್ದ ಅಷ್ಟು ಹೊತ್ತು ನನ್ನ ಕೈ ನನಗೆ ಅದನ್ನು ಹೇಳಿರಲಿಲ್ಲ. ನನ್ನ ಭಯ ನಿಜವಾಗಿ ಶುರುವಾದದ್ದು ಅಲ್ಲಿ.

ಸಂಜೆ ನಾಲ್ಕಕ್ಕೆ ಶಸ್ತ್ರವೈದ್ಯರು ಫಿಲ್ಮುಗಳನ್ನು ಬೆಳಕಿಗೆ ಹಿಡಿದರು. ಅವರ ಮಾತು ಮರಾಠಿ, ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಕುತ್ತಿಗೆಯ ಐದು ಮತ್ತು ಆರನೆಯ ಮಣಿಗಳ ನಡುವಿನ ಗಾದಿ ಸರಿದು, ಎಡಗೈಗೆ ಹೋಗುವ ನರವನ್ನು ಒತ್ತಿದೆ. ಬೆನ್ನುಹುರಿಗೆ ಇನ್ನೂ ತಗಲಿಲ್ಲ. ಅಲ್ಲಿನವರು ಮಣಿಗಳ ನಡುವಿನ ಮೆತ್ತನೆಯ ಬಿಲ್ಲೆಗೆ ಗಾದಿ ಎನ್ನುತ್ತಾರೆ. ಅತ್ತೆ ತಕ್ಷಣ, “ಗಾದಿ ಸರದದ ಅಂದ್ರ ಹಿಂಜಿಸಿ ಮತ್ತ ತುಂಬಸಬೇಕೇನ್ರೀ ಸಾಹೇಬರ?” ಎಂದು ಕೇಳಿದರು. ನಾನು ಅದನ್ನು ಮರಾಠಿಗೆ ತಿರುಗಿಸಿ ಹೇಳಿದ ಮೇಲೆ ವೈದ್ಯರು ನಕ್ಕರು. “ತೆಗೆದು ಬೇರೆ ಕೂಡಿಸಬಹುದು. ಆದರೆ ಇವತ್ತೇ ಅಲ್ಲ,” ಎಂದರು.

ಅವರು ನನ್ನ ಮೊಣಕೈ ಮಡಚಿಸಿ ಎಳೆದರು, ಮಣಿಕಟ್ಟು ಎತ್ತಿಸಿ ಒತ್ತಿದರು. ಎಡಗೈ ಬಲಗೈಗಿಂತ ಸೋತಿತ್ತು. ಬಲ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದರೆ ಶಸ್ತ್ರಚಿಕಿತ್ಸೆ ಮಾಡಿಸಲೇಬೇಕು, ತಡ ಮಾಡಿದಷ್ಟೂ ನಷ್ಟ. ಬಲ ನಿಂತಿದ್ದರೆ, ಅಥವಾ ಹೆಚ್ಚುತ್ತಿದ್ದರೆ, ಕತ್ತಿ ಬೇಡ, ಔಷಧ ಮತ್ತು ವ್ಯಾಯಾಮದಿಂದಲೇ ನೋಡೋಣ. ಆರು ವಾರ ಕಾಯಿರಿ ಎಂದರು. ನನ್ನ ಮಡಿಲಲ್ಲಿದ್ದ ವಹಿಯ ಕಡೆ ಕೈ ತೋರಿಸಿ, “ನೀವು ಬರೆದಿಡುವವರು ಕಾಣುತ್ತೀರಿ. ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ಕೆಲಸ, ಒಂದೇ ರೀತಿಯಲ್ಲಿ ಎಡಗೈಯಿಂದ ಮಾಡಿ. ಎಷ್ಟು ಆಯಿತೆಂದು ಬರೆಯಿರಿ. ಅದರಿಂದ ನನಗೂ ಸಹಾಯವಾಗುತ್ತದೆ,” ಎಂದರು. ಯಾವ ವೈದ್ಯರೂ ನನ್ನ ವಹಿಯನ್ನು ಹಾಗೆ ಗೌರವಿಸಿರಲಿಲ್ಲ. ಬಸ್ಸಿನಲ್ಲಿ ಬರುವಾಗ ನಾನು ಬಹುತೇಕ ಖುಷಿಯಲ್ಲಿದ್ದೆ.

ಪ್ರತಿದಿನ ಒಂದೇ ಹೊತ್ತಿಗೆ ಒಂದೇ ರೀತಿ ಎಡಗೈಯಿಂದ ಮಾಡುವ ಕೆಲಸ ನನಗೆ ಒಂದೇ ಇತ್ತು. ಬೆಳಿಗ್ಗೆ ಆರೂವರೆಗೆ ಅತ್ತೆ ಮತ್ತು ನಾನು ಅಕ್ಕಪಕ್ಕದಲ್ಲಿ ಮಣೆ ಹಾಕಿಕೊಂಡು ಲಿಂಗಪೂಜೆಗೆ ಕೂಡುತ್ತೇವೆ. ಲಿಂಗವನ್ನು ಎಡ ಅಂಗೈಯ ನಡುವೆ ಇಟ್ಟು, ಎದೆಯ ಎತ್ತರಕ್ಕೆ ಹಿಡಿದು, ದೃಷ್ಟಿ ಅದರಲ್ಲಿಟ್ಟು, ಬಲಗೈಯ ರುದ್ರಾಕ್ಷಿ ಮಾಲೆಯಲ್ಲಿ ‘ಓಂ ನಮಃ ಶಿವಾಯ’ ಎಂದು ಒಂದೊಂದೇ ಮಣಿ ಸರಿಸುತ್ತೇವೆ. ಅಂಗೈ ನಡುಗದೆ ಎಷ್ಟು ಮಣಿ ನಡೆಯುತ್ತದೆ ಎಂದು ಎಣಿಸಿದರಾಯಿತು. ಗಡಿಯಾರ ಬೇಡ, ತೂಕದ ಕಲ್ಲು ಬೇಡ.

ಜುಲೈ 16, ಭಾನುವಾರ: 41. ನಲವತ್ತೆರಡನೆಯ ಮಣಿಗೆ ಕೈ ನಡುಗಿತು, ಬಲಗೈ ಆಸರೆ ಕೊಟ್ಟೆ.

ಆ ವರ್ಷ ಅಧಿಕ ಮಾಸ ಬಂದು ಶ್ರಾವಣ ಎರಡಾಗಿದ್ದವು. ಅತ್ತೆಗೆ ಪೂಜೆ ಉದ್ದವಾಗಲು ಅದೊಂದು ಕಾರಣ. ನಾನೂ ಕೂಡುತ್ತಿದ್ದೆ. ಜುಲೈ 22: 44. ಜುಲೈ 29: 58. ಆಗಸ್ಟ್ 5: 77. ಆಗಸ್ಟ್ 12ರಂದು ನೂರೆಂಟೂ ಮುಗಿಯಿತು, ಕೈ ನಡುಗಲಿಲ್ಲ. ಆ ದಿನದ ಅಂಕೆಯ ಸುತ್ತ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದೇನೆ. ಆಗಸ್ಟ್ 24ರಂದು ಎರಡು ಸುತ್ತು ಮತ್ತು ಹತ್ತು ಮಣಿ, 226.

ಬೆರಳುಗಳ ಜಡತನ ಮಾತ್ರ ಹೋಗಿರಲಿಲ್ಲ. ನೀರಿನ ತಂಬಿಗೆ ಎರಡು ಸಲ ಕೈಯಿಂದ ಜಾರಿತ್ತು. ಅವನ್ನೂ ಬರೆದಿದ್ದೆ, ಆದರೆ ಬೇರೆ ಪುಟದಲ್ಲಿ. ವಹಿಯ ಹಿಂಭಾಗದಲ್ಲಿ ಎರಡು ಸಾಲು ಮಾಡಿದ್ದೆ, ‘ಮಾಡಿಸಬೇಕು’, ‘ಬೇಡ’. ‘ಬೇಡ’ದ ಕೆಳಗೆ ಹನ್ನೊಂದು ಕಾರಣಗಳಿದ್ದವು. ಗಂಟಲಿನ ಮುಂಭಾಗದಿಂದ ಕೊಯ್ಯುತ್ತಾರೆ. ದನಿ ಒಡೆಯಬಹುದು. ಮಗಳಿಗಿನ್ನೂ ಐದು ವರ್ಷ. ಪಕ್ಕದ ಓಣಿಯವರೊಬ್ಬರು, ‘ಮಾನೇಚ ಆಪರೇಶನ್’, ಅಂದರೆ ಕುತ್ತಿಗೆಯ ಆಪರೇಶನ್, ಮಾಡಿಸಿಕೊಂಡ ಯಾರೋ ಎದ್ದು ನಡೆಯಲೇ ಇಲ್ಲ ಎಂದಿದ್ದರು. ಯಾರು, ಯಾವ ಊರು ಎಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ, ಆದರೂ ಬರೆದುಕೊಂಡಿದ್ದೆ. ಹನ್ನೊಂದನೆಯ ಕಾರಣ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ: 41 ಇದ್ದದ್ದು 226 ಆಗಿದೆ.

ನಮ್ಮ ಮನೆಯವರಿಗೂ ಅದೇ ಸಮಾಧಾನ. “ನೋಡು, ತಾನೇ ಕಡಿಮಿ ಆಗ್ಲತದ. ಕೊಳ್ಳ ಕೊಯ್ಸಕೊಳ್ಳೋದು ಬ್ಯಾಡ. ಹೊಲಗಿ ಬಿಟ್ಟರೂ ನಡೀತದ, ಹೊಲ ಅದಲಾ,” ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಮಾತ್ರ ಹೊಲಿಗೆ ಬಿಟ್ಟರೂ ನಡೆಯುತ್ತದೆ ಎಂಬುದು ಚುಚ್ಚಿತು.

ಆಗಸ್ಟ್ 25, ಶುಕ್ರವಾರ. ಮರುದಿನ ಉದಗೀರಿಗೆ ಹೋಗಿ ‘ಬೇಡ’ ಎಂದು ಹೇಳುವುದಿತ್ತು. ಪೂಜೆ ಮುಗಿದ ಮೇಲೆ, ಮಣೆಯ ಮೇಲೇ ಕುಳಿತು ವಹಿ ತೆಗೆದು ಆ ದಿನದ ಅಂಕೆ ಬರೆಯುತ್ತಿದ್ದೆ. ಅತ್ತೆ ಲಿಂಗವನ್ನು ಕರಡಿಗೆಗೆ ಸೇರಿಸುತ್ತಾ ಕೇಳಿದರು.

“ಅಲ್ಲ ಹುಡುಗಿ, ಪೂಜಾ ಆದ ಕೂಡ್ಲೇ ಏನ ಬರೀತಿ ದಿನಾ? ದೇವರಿಗೂ ಅಳತಿ ತಗೊಂಡೇನು?”

“ಕೈ ಬರೀಲತ್ತೀನಿ ಅತ್ತಿ. ಲಿಂಗ ಹಿಡದು ಎಷ್ಟ ಮಣಿ ತನಾ ಕೈ ನಡುಗಂಗಿಲ್ಲ, ಅದು. ಡಾಕ್ಟರು ಬರೀರಿ ಅಂದಾರ.”

ಅವರು ಕರಡಿಗೆಯ ಮುಚ್ಚಳ ಹಾಕುವುದನ್ನು ನಿಲ್ಲಿಸಿದರು. “ಪೂಜಾದಾಗ ಕೈ ಎಣಿಸ್ಲತ್ತಿದ್ದಿ? ಶಿವನಾಮ ಅಂಬೋದು ಬಿಟ್ಟು? ಒಂದೂವರಿ ತಿಂಗಳು?”

“ನಾಮಾನೂ ಅಂದೀನಿ ಅತ್ತಿ.”

“ಅಂದಿ, ಅಂದಿ. ಅದಕ್ಕೇ ನಿನ್ನ ನಮಃ ಶಿವಾಯ ಹಿಂದ ಪೋಲೀಸ ಬೆನ್ನು ಹತ್ತಿದಂಗ ಓಡ್ತದ. ಮದಲ ನನ್ನ ಜೋಡಿ ಹೇಳ್ತಿದ್ದಿ. ಈಗ ನಂದು ಒಂದು ಆಗೂದರಾಗ ನಿಂದು ಎರಡು ಆಗ್ತಾವ.” ಅವರು ಸಿಟ್ಟಾಗಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. “ಎಷ್ಟಾಯ್ತು ಮತ್ತ ನಿನ್ನ ಎಣಿಕಿ?”

“ಇನ್ನೂರಾ ಮೂವತ್ತು. ಮದಲ ನಲವತ್ತೊಂದ ಇತ್ತು.”

“ಮದಲ ಕೈ ಎತ್ತಿ ಹಿಡೀತಿದ್ದೆಲಾ.”

“ಈಗರೆ?”

“ಈಗ ಮೊಳಕೈ ತೊಡಿ ಮ್ಯಾಲ ಊರಿ ಹಿಡೀತಿ. ಅಧಿಕ ಮಾಸ ಹಿಡದು ನೋಡ್ಲತ್ತೀನಿ. ಜಡ್ಡ ಮನಶಾಳು, ಊರಿದರ ಊರಲಿ, ಶಿವ ಏನ ಅಂತಾನ ಅಂತ ನಾ ಸುಮ್ಮ ಇದ್ದೆ. ಹಂಗ ಊರಿದರ ನನ್ನ ಮೊಮ್ಮಗಳೂ ಹಿಡೀತಾಳ ಇನ್ನೂರಾ ಮೂವತ್ತು!”

ನಾನು ಕೆಳಗೆ ನೋಡಿದೆ. ಸೀರೆಯ ಮೇಲೆ, ಎಡ ತೊಡೆಯ ಮೇಲ್ಭಾಗದಲ್ಲಿ, ಮೊಣಕೈ ಊರಿದ ಗುಂಡನೆಯ ಸುಕ್ಕು ಇತ್ತು. ಬಟ್ಟೆಯ ಸುಕ್ಕು ನೋಡಿಯೇ ಯಾರು ಹೇಗೆ ಕೂಡುತ್ತಾರೆಂದು ಹೇಳುವವಳು ನಾನು. ಒಂದು ತಿಂಗಳು ನನ್ನ ಸೀರೆಯ ಸುಕ್ಕನ್ನು ನಾನೇ ನೋಡಿರಲಿಲ್ಲ. ಬೇಕೆಂದು ಊರಿರಲಿಲ್ಲ. ದೃಷ್ಟಿ ಲಿಂಗದಲ್ಲಿ, ಮನಸ್ಸು ಅಂಕೆಯಲ್ಲಿ, ದಣಿದ ಕೈ ತನ್ನಷ್ಟಕ್ಕೆ ತಾನೇ ಆಸರೆ ಹುಡುಕಿಕೊಂಡಿತ್ತು.

“ಅತ್ತಿ, ಇನ್ನೊಂದ ಸಲ ಹಿಡೀತೀನಿ. ನೀವು ನೋಡ್ರಿ.”

“ಪೂಜಾ ಆಗ್ಯಾದಲಾ?”

“ಇದು ಪೂಜಾ ಅಲ್ಲ.”

“ಪೂಜಾ ಅಲ್ಲಂದ್ರ ಲಿಂಗ ಯಾಕ? ಬ್ಯಾರೇ ಏನರೆ ಇಡು.” ಒಳಗೆ ಹೋಗಿ ಒಂದು ಸಣ್ಣ ನಿಂಬೆಹಣ್ಣು ತಂದು ನನ್ನ ಅಂಗೈಯಲ್ಲಿ ಇಟ್ಟರು. ತಮ್ಮ ಅಂಗೈಯನ್ನು ನನ್ನ ಮೊಣಕೈಯ ಕೆಳಗೆ, ಒಂದು ಬೆರಳು ಅಂತರದಲ್ಲಿ ಹಿಡಿದರು. “ನನ್ನ ಕೈಗೆ ನಿನ್ನ ಮೊಳಕೈ ಹತ್ತಿತು ಅಂದ್ರ ಮುಗೀತು. ಶಿವನಾಮ ನಾ ಹೇಳ್ತೀನಿ, ನೀ ಬಾಯಿ ಮುಚಗೊಂಡು ಹಿಡಿ.”

ಅವರು ನಿಧಾನವಾಗಿ ಹೇಳಿದರು, ಮೊದಲು ನಾವಿಬ್ಬರೂ ಜೊತೆಯಲ್ಲಿ ಹೇಳುತ್ತಿದ್ದ ವೇಗದಲ್ಲಿ. ಹತ್ತೊಂಬತ್ತಕ್ಕೆ ಮೊಣಕೈ ಅವರ ಕೈಗೆ ತಗಲಿತು. ಸುಧಾರಿಸಿಕೊಂಡು ಮತ್ತೆ ಹಿಡಿದೆ, ಹದಿನೇಳು. ಮತ್ತೊಮ್ಮೆ, ಹದಿನಾರು, ನಿಂಬೆಹಣ್ಣು ಉರುಳಿ ಗೋಡೆಯವರೆಗೆ ಹೋಯಿತು.

ವಹಿಯಲ್ಲಿ ಇನ್ನೂರ ಮೂವತ್ತನ್ನು ಹೊಡೆದುಹಾಕಿ 19, 17, 16 ಎಂದು ಬರೆದೆ. ಪಕ್ಕದಲ್ಲಿ ‘ಅತ್ತೆಯ ಎದುರು’ ಎಂದು ಬರೆದೆ. ಹನ್ನೊಂದನೆಯ ಕಾರಣಕ್ಕೂ ಅಡ್ಡಗೆರೆ ಎಳೆದೆ. ಅತ್ತೆ ಆಗ ನಗಲಿಲ್ಲ, ಬೈಯಲಿಲ್ಲ. ಚಹಾ ಮಾಡಿ ತಂದು, ಲೋಟವನ್ನು ನನ್ನ ಬಲಗೈಗೆ ಕೊಟ್ಟರು.

ಮರುದಿನ ಉದಗೀರಿನಲ್ಲಿ ವೈದ್ಯರಿಗೆ ಎಲ್ಲವನ್ನೂ, ಮೊಣಕೈಯ ಕಥೆಯನ್ನೂ ಸೇರಿಸಿ, ಹೇಳಿದೆ. ಅವರು ಅತ್ತೆಯ ಕಡೆ ತಿರುಗಿ ಎದ್ದು ನಿಂತು ನಮಸ್ಕಾರ ಮಾಡಿದರು. ಆಮೇಲೆ ತಾವೇ ಕೈ ಎಳೆದು, ಒತ್ತಿ ನೋಡಿದರು. ಆರು ವಾರದ ಹಿಂದಿಗಿಂತ ಬಲ ಕಡಿಮೆಯಾಗಿದೆ ಎಂದರು. ಈಗ ನನ್ನ ಸಲಹೆ ಮಾಡಿಸಿ ಎಂದೇ, ಆದರೆ ಒಪ್ಪಿಗೆ ನಿಮ್ಮದು ಎಂದರು. ನೋವು ಹೋಗುವ ಭರವಸೆ ಹೆಚ್ಚು, ಬಲ ಬರುವ ಭರವಸೆಯೂ ಇದೆ, ಬೆರಳಿನ ಸ್ಪರ್ಶದ ಬಗ್ಗೆ ಮಾತು ಕೊಡಲಾರೆ. ನುಂಗುವುದು ಕೆಲವು ದಿನ ಕಷ್ಟ, ದನಿ ಕೆಲವರಿಗೆ ಕೆಲಕಾಲ ಒಡೆಯುತ್ತದೆ, ಅಪರೂಪಕ್ಕೆ ಇನ್ನೂ ಕೆಟ್ಟದ್ದೂ ಆಗಬಹುದು. ಯಾವುದನ್ನೂ ಅವರು ಮೆಲ್ಲಗೆ ದಾಟಿಸಲಿಲ್ಲ. ನನ್ನ ಉಳಿದ ಹತ್ತು ಕಾರಣಗಳನ್ನು ಒಂದೊಂದೇ ಓದಿದೆ, ಒಂದೊಂದಕ್ಕೂ ಉತ್ತರ ಕೊಟ್ಟರು. ಹೊರಗೆ ಬೆಂಚಿನಲ್ಲಿ ಜನ ಕಾಯುತ್ತಿದ್ದರೂ.

ಆದರೂ ಮನಸ್ಸು ಗಟ್ಟಿಯಾಗಲಿಲ್ಲ. ಹೇಳುವವರ ಮಾತು ಸಾಕಾಗಿತ್ತು, ಮಾಡಿಸಿಕೊಂಡವರನ್ನು ನೋಡಬೇಕಿತ್ತು. ಅತ್ತೆಯ ಚಿಕ್ಕಮ್ಮನ ಮಗಳೊಬ್ಬರು ಗುಂಜೋಟಿಯಲ್ಲಿದ್ದಾರೆ, ನಮ್ಮ ಮನೆಯಲ್ಲಿ ಅವರಿಗೆ ಸಣ್ಣತ್ತಿ ಎನ್ನುತ್ತೇವೆ. ಎರಡು ವರ್ಷದ ಹಿಂದೆ ಅವರಿಗೂ ಇದೇ ಆಗಿತ್ತೆಂದು ಕೇಳಿದ್ದೆವು. ಆಗಸ್ಟ್ 29ರಂದು ಉಮರ್ಗಾಕ್ಕೆ ಬಸ್ಸು, ಅಲ್ಲಿಂದ ಜೀಪು. ಈ ಸಲ ನಮ್ಮ ಮನೆಯವರೂ ಬಂದರು. ಕೊಯ್ಸಿಕೊಳ್ಳಬೇಡ ಎನ್ನಲು ಇನ್ನೊಂದು ಸಾಕ್ಷಿ ಸಿಗುತ್ತದೆಂದು ಅವರ ಎಣಿಕೆ.

ಸಣ್ಣತ್ತಿ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದರು. ಕೊರಳು ತೋರಿಸಿ ಎಂದೆ. ತಲೆ ಎತ್ತಿದರು. ಚರ್ಮದ ಮಡಿಕೆಯಲ್ಲಿ ಗೆರೆ ಕಾಣಲು ನಾನು ತೀರ ಹತ್ತಿರ ಹೋಗಬೇಕಾಯಿತು. ಚೀಲದಲ್ಲಿ ಟೇಪು ಯಾವಾಗಲೂ ಇರುತ್ತದೆ. ತೆಗೆದು ಹಿಡಿದೆ.

“ಏನವಾ, ನನ್ನ ಕೊಳ್ಳಿಗಿ ಪೋಲ್ಕಾ ಹೊಲಿತಿಯೇನು?”

“ಒಂದೂ ಮುಕ್ಕಾಲ ಇಂಚ ಅದ ಸಣ್ಣತ್ತಿ.”

“ಅಷ್ಟಕ್ಕ ಇಷ್ಟ ದೂರ ಬಂದಿಯಾ? ಫೋನಿನಾಗ ಕೇಳಿದ್ರ ನಾನೇ ಅಳದು ಹೇಳ್ತಿದ್ದೆ.”

ನುಂಗುವಾಗ ಎಂಟು ದಿನ ತ್ರಾಸು, ಅಂಬಲಿ ಕುಡಿದೇ ಇದ್ದೆ ಎಂದರು. ದನಿ ಮೂರು ವಾರ ಪಿಸುಗುಟ್ಟಿತಂತೆ. “ಆ ಮೂರು ವಾರ ನಿಮ್ಮ ಕಾಕಾ ಭಾಳ ಸುಖದಾಗಿದ್ದ,” ಎಂದು ಒಳಗೆ ಕುಳಿತಿದ್ದ ಗಂಡನಿಗೆ ಕೇಳಿಸುವಂತೆ ಹೇಳಿದರು. ನೋವು ಹೋಯಿತೇ ಎಂದು ನಮ್ಮ ಮನೆಯವರು ಕೇಳಿದರು. ಆಸ್ಪತ್ರೆಯಲ್ಲಿ ಎಚ್ಚರಾದ ದಿನವೇ ಹೋಯಿತು ಎಂದರು.

“ಮತ್ತ ಚಿಂತಿ ಏನೂ ಇಲ್ಲಂತೀರಿ?”

ಸಣ್ಣತ್ತಿ ಮೊರ ಕೆಳಗಿಟ್ಟರು. ಎಡಗೈಯನ್ನು ನನ್ನ ಕೈಯ ಪಕ್ಕದಲ್ಲಿ ತೊಡೆಯ ಮೇಲೆ ಇಟ್ಟರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ನನಗೆ ಮಾಂಸವಿದ್ದ ಕಡೆ ಅವರಿಗೆ ಕುಳಿ ಇತ್ತು. “ಚಿಂತಿ ಇದು ನೋಡಪಾ. ಕೊಯ್ಸಿದ್ದಕ್ಕ ಆಗಿದ್ದಲ್ಲ. ಕೊಯ್ಸಲಾರದ ಒಂದು ವರ್ಷ ಕುಂತೆ, ಅದಕ್ಕ ಆಗ್ಯಾದ. ಎಣ್ಣಿ ಹಚ್ಚಿದೆ, ತಾಯತ ಕಟ್ಟಿದೆ, ಇವತ್ತ ಹಗರ ಅನಸ್ತದ, ನಿನ್ನಿಗಿಂತ ಹಗರ ಅದ ಅಂತ ದಿನಾ ಅಂದೆ. ಡಾಕ್ಟರ ಅಂದ್ರು, ಬಾಯೀ, ಮದಲ ಬಂದಿದ್ರ ಇದೂ ಉಳೀತಿತ್ತು ಅಂತ. ನಂಗ ಕಳೇ ತೆಗಿಯೋ ಖುರಪಿ ಹಿಡೀಲಿಕ್ಕ ಇನ್ನೊಂದು ಕೈ ಅದ. ನೀ ಹೊಲಗಿಯಾಕಿ. ನಿಂಗ ಎರಡೂ ಬೇಕಲಾ?”

ನಮ್ಮ ಮನೆಯವರು ಆ ಎರಡು ಕೈಗಳನ್ನು ಬಹಳ ಹೊತ್ತು ನೋಡಿದರು. ಊಟಕ್ಕೆ ಕೂತಾಗ ಅವರೇ ಕೇಳಿದರು, “ಆಸ್ಪತ್ರಿಯಾಗ ಎಷ್ಟ ದಿನ ಇರಬೇಕಾಗ್ತದ ಸಣ್ಣತ್ತಿ?” ಜೀಪಿನಲ್ಲಿ ಬರುವಾಗ ನನಗೆ ಹೇಳಿದರು: “ಹೊಲಗಿ ಬಿಡು ಅಂದಿದ್ದೆ. ಅದನ್ನ ಬರದಿದ್ರ ಹೊಡದ ಹಾಕು.” ಬರೆದಿದ್ದೆ. ಹೊಡೆದುಹಾಕಿದೆ.

ಆ ಸಂಜೆ ‘ಮಾಡಿಸಬೇಕು’ ಸಾಲಿನಲ್ಲಿ ಒಂದೇ ಕಾರಣ ಬರೆದು ವಹಿ ಮುಚ್ಚಿದೆ. ಆ ಕಾರಣ: ‘ಈಗ ಇನ್ನೂ ಮಾಂಸ ಇದೆ.’

ಸೆಪ್ಟೆಂಬರ್ 11, ಸೋಮವಾರ, ಲಾತೂರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕೊರಳೇ ಕೊಯ್ಯುವ ಜಾಗವಾದ್ದರಿಂದ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಬಲ ತೋಳಿಗೆ ಇಟ್ಟುಕೊಂಡೆ. ನರ್ಸ್ ಅದರ ಮೇಲೆ ಬ್ಯಾಂಡೇಜು ಸುತ್ತಿದರು. ಅವರು ಬೇರೆ ಧರ್ಮದವರು. ಸುತ್ತುವ ಮೊದಲು, ಇಷ್ಟು ಬಿಗಿ ನಡೆಯುತ್ತದೆಯೇ, ನಿಮ್ಮ ದೇವರಿಗೆ ತೊಂದರೆಯಿಲ್ಲವೇ ಎಂದು ಕೇಳಿದರು. ಅವರನ್ನು ನಾನು ಆಗಾಗ ನೆನೆಯುತ್ತೇನೆ.

ಎಚ್ಚರವಾದಾಗ ತೋಳಿನ ನೋವು ಇರಲಿಲ್ಲ. ಐದು ತಿಂಗಳು ಜೊತೆಗಿದ್ದದ್ದು ಹೀಗೆ ಇಲ್ಲವಾಗಿ, ಅದನ್ನು ಹುಡುಕುವಂತಾಯಿತು. ಗಂಟಲು ಒಣಗಿತ್ತು. ನಾನು ಪಿಸುಗುಟ್ಟಿದ ಮೊದಲ ಮಾತು ‘ಎಷ್ಟು ಗಂಟೆ?’ ಎಂಬುದಂತೆ. “ಬರದೀನಿ, ಮಲಕೋ. ಮೂರಕ್ಕ ಹೊರಗ ತಂದ್ರು,” ಎಂದು ನಮ್ಮ ಮನೆಯವರು ವಹಿ ತೋರಿಸಿದರು. ಅಕ್ಷರ ವಕ್ರ, ಆದರೆ ತಾರೀಖು ಮೇಲೆ ಎಡಗಡೆಯಲ್ಲಿ, ನಾನು ಹಾಕುವ ಜಾಗದಲ್ಲೇ ಇತ್ತು. ಆಮೇಲಿನ ಮೂರು ವಾರ ಮನೆಯಲ್ಲಿ ಅವರೇ ರೊಟ್ಟಿ ಬಡಿದರು. ಅತ್ತೆ ಅವುಗಳನ್ನು ಗೋಣಿ ತಟ್ಟು ಎಂದು ಕರೆದರು, ಆದರೂ ಪ್ರತಿದಿನ ಎರಡು ತಿಂದರು. ನನಗೆ ಅಂಬಲಿ.

ಎಣಿಕೆ ಮತ್ತೆ ಶುರುವಾದದ್ದು ಅಕ್ಟೋಬರ್ 2ರಂದು, ವೈದ್ಯರ ಅಪ್ಪಣೆ ಪಡೆದು. ಪೂಜೆಯಲ್ಲಲ್ಲ. ಪೂಜೆಯಾದ ಮೇಲೆ, ನಿಂಬೆಹಣ್ಣಿನೊಂದಿಗೆ, ಅತ್ತೆಯ ಎದುರು, ಅತ್ತೆಯ ದನಿಯಲ್ಲಿ. ಅಕ್ಟೋಬರ್ 2: 22. ಅಕ್ಟೋಬರ್ 23: 39. ನವೆಂಬರ್ 13: 52. ನಡುವೆ ಇಳಿದ ದಿನಗಳೂ ಇವೆ, ನವೆಂಬರ್ 20ರಂದು 31. ಆ ದಿನ ಅಳುಮುಖ ಮಾಡಿದ್ದಕ್ಕೆ ಅತ್ತೆ, “ಇಳದದ್ದೂ ಬರಕೋ, ಖರೆ ಇದ್ದದ್ದಕ್ಕ ಇಳದದ,” ಎಂದರು. ಡಿಸೆಂಬರ್ 18ರಂದು ನೂರೆಂಟು ಮುಗಿಯಿತು. ನನ್ನ ಮೊಣಕೈ ಗಾಳಿಯಲ್ಲೇ ಇತ್ತು. ಕೆಳಗೆ ಹಿಡಿದ ಅತ್ತೆಯ ಕೈ ದಣಿದು, ಕೊನೆಯ ಹತ್ತು ನಾಮದಲ್ಲಿ ಅದಕ್ಕೇ ಅವರು ಇನ್ನೊಂದು ಕೈಯ ಆಸರೆ ಕೊಟ್ಟಿದ್ದರು. ಅವರಿಗೆ ಅರವತ್ತೆಂಟು. ಹನ್ನೊಂದು ವಾರ ದಿನವೂ ಹಾಗೆ ಹಿಡಿದು ಕೂತಿದ್ದರು, ನಾನು ಒಂದು ದಿನವೂ ಅವರ ಕೈಯ ಬಗ್ಗೆ ಬರೆದಿರಲಿಲ್ಲ. ಆ ದಿನ ಬರೆದೆ.

ಈಗ, 2025ರಲ್ಲಿ, ದಿನಕ್ಕೆ ಆರು ಪೋಲ್ಕಾ ಹೊಲಿಯುತ್ತೇನೆ, ಮೊದಲು ಒಂಬತ್ತು ಇದ್ದವು. ಯಂತ್ರದ ಮೇಜಿನ ನಾಲ್ಕೂ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದೇವೆ, ಕುತ್ತಿಗೆ ಬಗ್ಗಿಸುವುದು ಕಡಿಮೆಯಾಗಿದೆ. ದನಿ ಐದನೆಯ ವಾರಕ್ಕೆ ಬಂತು. ಬಲ ಬಂದಿದೆ. ಹೆಬ್ಬೆರಳಿಗೆ ರೇಷ್ಮೆ ಯಾವುದು, ನೂಲು ಯಾವುದು ಎಂದು ಕಣ್ಣು ಮುಚ್ಚಿಯೂ ತಿಳಿಯುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ತುಂಬಿಕೊಂಡೇ ಇದೆ. ಸೂಜಿ ಇನ್ನೊಮ್ಮೆ ಹೋದರೆ ಕೂಗುತ್ತೇನೋ ಇಲ್ಲವೋ ಗೊತ್ತಿಲ್ಲ, ಹೋಗಿಲ್ಲ.

ತೋರುಬೆರಳಿನ ತುದಿ ಮಾತ್ರ, ಉಗುರಿನ ಎದುರು ಬದಿಯ ಅರ್ಧ ಇಂಚು, ಇನ್ನೂ ಕೈಗವಸಿನೊಳಗೇ ಇದೆ. ತಿಂಗಳ ಮೊದಲ ದಿನ ಅದಕ್ಕೆ ದಾರದ ತುದಿ ತಾಗಿಸಿ ನೋಡುತ್ತೇನೆ, ಅತ್ತೆ ಎದುರಿಗಿರುತ್ತಾರೆ. ಹದಿನಾಲ್ಕು ತಿಂಗಳಿನಿಂದ ಬದಲಾವಣೆ ಇಲ್ಲ. ವೈದ್ಯರು ಬಂದರೂ ಬರಬಹುದು, ಇಷ್ಟಕ್ಕೇ ನಿಂತರೂ ನಿಲ್ಲಬಹುದು ಎಂದಿದ್ದಾರೆ. ಈ ಅರ್ಧ ಇಂಚು ಹೋದದ್ದು ಜೂನ್‌ನಲ್ಲೋ, ನಾನು ಸುಳ್ಳು ಎಣಿಸಿದ ಆ ಆರು ವಾರಗಳಲ್ಲೋ ಎಂದು ಕೇಳಿದ್ದಕ್ಕೆ, ಅದನ್ನು ಯಾರೂ ಹೇಳಲಾರರು ಎಂದರು.

ಓದಿದವರಲ್ಲಿ ಯಾರಿಗಾದರೂ, ಅಥವಾ ನಿಮ್ಮ ಮನೆಯವರಿಗೆ, ಇದೇ ನರದ ಚಿಕಿತ್ಸೆಯಾಗಿ ಎರಡು ವರ್ಷದ ಮೇಲೆ ಬೆರಳ ತುದಿಯ ಸ್ಪರ್ಶ ಮರಳಿ ಬಂದಿದ್ದರೆ, ದಯವಿಟ್ಟು ಬರೆದು ತಿಳಿಸಿ. ಬರದೇ ಇದ್ದರೂ ತಿಳಿಸಿ. ಯಾವ ಬೆರಳು, ಎಷ್ಟು ತಿಂಗಳು, ಯಾವ ಕೆಲಸ ಮಾಡುವವರು, ಹೇಗೆ ಪರೀಕ್ಷಿಸಿದಿರಿ ಎಂಬುದನ್ನು ಬರೆದರೆ ನನಗೆ ಉಪಕಾರ. ವಿಶೇಷವಾಗಿ ಹೊಲಿಗೆಯವರು, ನೇಯುವವರು, ಕೂದಲು ಕತ್ತರಿಸುವವರು ಬರೆಯಬೇಕೆಂದು ನನ್ನ ಕೋರಿಕೆ. ಇದನ್ನು ಅಚ್ಚು ಹಾಕಿದವರ ವಿಳಾಸಕ್ಕೆ ಬರೆದರೆ ಪತ್ರ ನನಗೆ ಮುಟ್ಟುತ್ತದೆ. ಪರೀಕ್ಷಿಸಿದಾಗ ನಿಮ್ಮ ಪಕ್ಕದಲ್ಲಿ ಕೂತು ನೋಡಿದವರು ಯಾರಾದರೂ ಇದ್ದರೆ, ಅದನ್ನೂ ಬರೆಯಿರಿ.